ತೂಕದ ಕಲ್ಲು, ಮೂರನೆಯ ಚಕ್ರ

ಮೈಸೂರಿನ ಯಾದವಗಿರಿ ಕಡೆಯ ಒಂದು ಗ್ಯಾರೇಜು. ಮಾತಾಡುವವರು ಇಬ್ಬರು, ಒಂದೇ ಪಾಲಿಟೆಕ್ನಿಕ್‌ನಲ್ಲಿ ಓದಿದವರು. ಒಬ್ಬ ಇಲ್ಲೇ ಉಳಿದು ಹಳೆಯ ಜಾವಾ, ಯೆಜ್ಡಿ ರಿಪೇರಿ ಮಾಡುತ್ತಾನೆ. ಇನ್ನೊಬ್ಬ ಉತ್ತರ ನಾರ್ವೆಯ ಟ್ರೊಮ್ಸೊದಲ್ಲಿ ನೆಲೆ ನಿಂತವನು. ಮೀನು ಕಟ್ಟೆಗಳ ತೂಕದ ಯಂತ್ರ ಪರೀಕ್ಷಿಸಿ ಸರಿಪಡಿಸುವುದು ಅವನ ಕೆಲಸ. ರಜೆಗೆ ಬಂದಿದ್ದಾನೆ.

— ಹಿಮದಲ್ಲಿ ಮೋಟಾರ್‌ಸೈಕಲ್ ಓಡಿಸ್ತೀಯಂತೆ. ತಲೆ ನೆಟ್ಟಗಿದೆಯಾ ನಿಂಗೆ?

— ಬರೀ ಮೋಟಾರ್‌ಸೈಕಲ್ ಅಲ್ಲ ಕಣೋ, ಸೈಡ್‌ಕಾರ್ ಗಾಡಿ, ಪಕ್ಕಕ್ಕೆ ಒಂದು ಚಕ್ರದ ತೊಟ್ಟಿ ಕಟ್ಟಿರೋದು. ಬರೀ ಎರಡು ಚಕ್ರದ್ದನ್ನ ನಮ್ಮ ಕಡೆ ಎಲ್ಲರೂ ಅಕ್ಟೋಬರ್‌ನಲ್ಲಿ ಶೆಡ್ಡಿಗೆ ಹಾಕಿ ಬೀಗ ಹಾಕ್ತಾರೆ, ಮತ್ತೆ ತೆಗೆಯೋದು ಮೇ ಹೊತ್ತಿಗೆ. ಮೂರು ಚಕ್ರದ್ದು ಜಾರತ್ತೆ, ಗಿರ್ರಂತ ತಿರುಗತ್ತೆ, ಚರಂಡಿಗೂ ಇಳಿಯತ್ತೆ. ಆದರೆ ಮಗ್ಗುಲಿಗೆ ಬೀಳಲ್ಲ. ಮಂಜುಗಡ್ಡೆ ಮೇಲೆ ಅಷ್ಟೇ ಸಾಕು.

— ಮೈನಸ್ ನಲವತ್ತರಲ್ಲಿ?

— ನೀನು ಸಿನಿಮಾ ನೋಡಿ ಮಾತಾಡ್ತಿದೀಯ. ಟ್ರೊಮ್ಸೊ ಇರೋದು ಆರ್ಕ್ಟಿಕ್ ವೃತ್ತದಿಂದ ಎಷ್ಟೋ ಮೇಲೆ, ಸರಿ. ಆದರೆ ಅಲ್ಲಿ ಇದುವರೆಗೆ ದಾಖಲಾಗಿರೋ ಅತಿ ಕಡಿಮೆ ಉಷ್ಣಾಂಶ ಮೈನಸ್ 18.4. ಜನವರಿಯ ಸರಾಸರಿ ಮೈನಸ್ ನಾಲ್ಕರ ಆಸುಪಾಸು. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ತೀರದುದ್ದಕ್ಕೂ ಹರಿಯತ್ತೆ, ಬಂದರು ಹೆಪ್ಪುಗಟ್ಟೋದೇ ಇಲ್ಲ. ಅಲ್ಲಿಂದ ಪೂರ್ವಕ್ಕೆ, ಒಳನಾಡಿಗೆ ಹೋದರೆ ಕಾರಾಶೋಕ್ ಅಂತ ಸಾಮಿ ಜನರ ಊರು. ಅಲ್ಲಿ 1886ರ ಜನವರಿ 1ರಂದು ಮೈನಸ್ 51.4 ಆಗಿತ್ತು. ಒಂದೇ ಸೀಮೆ, ಒಂದು ಕಡೆ ಸಮುದ್ರ ಕಾಯತ್ತೆ, ಇನ್ನೊಂದು ಕಡೆ ಕಾಯೋರಿಲ್ಲ.

— ಹಾಗಾದರೆ ತೀರದ ಮೇಲೆ ಓಡಿಸೋದು ಸುಲಭ ಅನ್ನು.

— ಉಲ್ಟಾ. ಕಡು ಚಳಿಯಲ್ಲಿ ಮಂಜು ಒಣಗಿ ಗಟ್ಟಿಯಾಗಿರತ್ತೆ, ಟೈರಿನ ಮೊಳೆ ಅದನ್ನ ಕಚ್ಚಿ ಹಿಡಿಯತ್ತೆ. ಸೊನ್ನೆಯ ಹತ್ತಿರ ಬಂದಾಗ ಮಂಜುಗಡ್ಡೆ ಮೇಲೊಂದು ತೆಳು ನೀರು ನಿಲ್ಲತ್ತೆ ನೋಡು, ಅದು ಅಪಾಯ. ಟ್ರೊಮ್ಸೊದಲ್ಲಿ ಚಳಿಗಾಲವೆಲ್ಲ ಆ ಸೊನ್ನೆಯ ಆಚೆ ಈಚೆ ಆಟ. ರಾತ್ರಿ ಮಳೆ, ಬೆಳಿಗ್ಗೆ ಗಾಜು. ಮುದುಕರು ಬೂಟಿಗೆ ಮೊಳೆಪಟ್ಟಿ ಕಟ್ಟಿಕೊಂಡು ಹಾಲು ತರೋಕೆ ಹೋಗ್ತಾರೆ. ಎಲ್ಲರ ಕೋಟಿನ ಜೇಬಿಂದಲೂ ಒಂದು ಹೊಳೆಯೋ ಬಿಲ್ಲೆ ನೇತಾಡ್ತಿರತ್ತೆ, ಕತ್ತಲೆಯಲ್ಲಿ ಕಾರಿನವರಿಗೆ ಕಾಣಲಿ ಅಂತ.

— ಟೈರಿಗೆ ಮೊಳೆ ಹೊಡೆಯೋಕೆ ಕಾನೂನು ಬಿಡತ್ತಾ?

— ಉತ್ತರದ ಜಿಲ್ಲೆಗಳಲ್ಲಿ ಅಕ್ಟೋಬರ್ 16ರಿಂದ ಏಪ್ರಿಲ್ 30ರವರೆಗೆ ಬಿಡತ್ತೆ. ದಕ್ಷಿಣದವರಿಗೆ ಅದಕ್ಕಿಂತ ಕಡಿಮೆ ದಿನ. ಮೂರು ಚಕ್ರಕ್ಕೂ ಮೊಳೆ ಇರಬೇಕು ಅಂತೀನಿ ನಾನು. ಕೆಲವರು ಹಿಂದಿನದಕ್ಕೆ ಮಾತ್ರ ಹಾಕಿ ಮುಂದಿನದನ್ನ ಬಿಡ್ತಾರೆ. ಆಗ ಗಾಡಿ ಮುಂದಕ್ಕೆ ಚೆನ್ನಾಗಿ ಹೋಗತ್ತೆ, ತಿರುಗೋದು ಮಾತ್ರ ಇಲ್ಲ.

— ಯಾವ ಗಾಡಿ ಅದು?

— ಉರಾಲ್. ಫಿನ್ಲೆಂಡ್ ಗಡಿ ಕಡೆಯ ಒಬ್ಬ ಮುದುಕನ ಕೊಟ್ಟಿಗೆಯಿಂದ ತಂದೆ. ಹಳೆಯದು, ಕಾರ್ಬ್ಯುರೇಟರ್ ಇರೋದು. 2014ರಿಂದೀಚಿನವಕ್ಕೆ ಫ್ಯುಯಲ್ ಇಂಜೆಕ್ಷನ್ ಬಂತು. 749 ಸಿಸಿ, ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರತ್ತೆ. ರಿವರ್ಸ್ ಗೇರ್ ಇದೆ.

— ಬಿಎಂಡಬ್ಲ್ಯು ಇದ್ದ ಹಾಗಿದೆಯಲ್ಲ.

— ಅದರದೇ ಸಂತಾನ. ಜರ್ಮನಿಯ ಆರ್71 ಗಾಡೀನ ನೋಡಿ ರಷ್ಯಾದವರು ಎಂ-72 ಅಂತ ಮಾಡಿದ್ರು, 1941ರಲ್ಲಿ. ಜರ್ಮನ್ ಸೇನೆ ಮಾಸ್ಕೋ ಹತ್ತಿರ ಬಂದಾಗ ಕಾರ್ಖಾನೇನೇ ಕಿತ್ತು ಉರಾಲ್ ಪರ್ವತದ ಆಚೆ ಇರ್ಬಿಟ್ ಅನ್ನೋ ಊರಿಗೆ ಸಾಗಿಸಿದ್ರು. ಅಲ್ಲಿ ಸಿಕ್ಕಿದ ಕಟ್ಟಡ ಒಂದು ಬಿಯರ್ ಕಾರ್ಖಾನೆ. 1942ರ ಅಕ್ಟೋಬರ್‌ನಲ್ಲಿ ಮೊದಲ ಗಾಡಿಗಳು ಅಲ್ಲಿಂದ ರಣರಂಗಕ್ಕೆ ಹೋದವು. ಯುದ್ಧ ಮುಗಿಯೋ ಹೊತ್ತಿಗೆ 9,799. ಈಗ ಇನ್ನೊಂದು ಯುದ್ಧ ಬಂತಲ್ಲ, 2022ರಲ್ಲಿ ಜೋಡಣೆ ಕೆಲಸ ಕಝಾಕಿಸ್ತಾನದ ಪೆಟ್ರೊಪಾವ್ಲ್‌ಗೆ ಹೋಯ್ತು. ಯುದ್ಧದಿಂದ ಓಡಿಹೋಗಿ ಹುಟ್ಟಿದ್ದು, ಯುದ್ಧದಿಂದಲೇ ಮತ್ತೆ ಊರು ಬಿಟ್ಟಿದ್ದು.

— ನಮ್ಮ ಮೈಸೂರಿನ ಜಾವಾ ಕಾರ್ಖಾನೆ ಕಥೆ ಬೇರೆ. 1961ರಲ್ಲಿ ಶುರು, 1996ಕ್ಕೆ ಬಾಗಿಲು. ಯಾರೂ ಬಾಂಬ್ ಹಾಕಲಿಲ್ಲ.

— ಜಾವಾಗೂ ಸೈಡ್‌ಕಾರ್ ಇತ್ತು ಗೊತ್ತಾ? ಚೆಕ್ ದೇಶದಲ್ಲಿ ವೆಲೊರೆಕ್ಸ್ ಅಂತ ಮಾಡ್ತಿದ್ರು, ಜಾವಾಗೆ ಅಂತಲೇ.

— ಗೊತ್ತು. ಚಿತ್ರ ಇಟ್ಟುಕೊಂಡಿದೀನಿ, ಆಮೇಲೆ ತೋರಿಸ್ತೀನಿ. ಮೊದಲು ಓಡಿಸೋದು ಹೇಗೆ ಹೇಳು. ವಾಲಿಸೋ ಹಾಗಿಲ್ಲ ತಾನೇ?

— ವಾಲೋದೇ ಇಲ್ಲ. ಇಪ್ಪತ್ತು ವರ್ಷ ಬೈಕ್ ಓಡಿಸಿದವನು ಮೊದಲ ದಿನ ನೇರವಾಗಿ ಗೋಡೆಗೆ ಹೋಗಿ ಗುದ್ದೋದು ಅದಕ್ಕೇ. ಮೈಯಿಗೆ ಕಲಿತ ಪಾಠ ಎಲ್ಲ ತಪ್ಪಾಗಿರತ್ತೆ. ಹ್ಯಾಂಡಲನ್ನ ಕೈಯಲ್ಲೇ ಎಳೆದು ತಿರುಗಿಸಬೇಕು. ಎತ್ತಿನ ಗಾಡಿಯ ನೊಗಕ್ಕೆ ಒಂದೇ ಎತ್ತು ಕಟ್ಟಿದ ಹಾಗೆ ಅದು. ಎಂಜಿನ್ ಒಂದು ಪಕ್ಕ, ಹೊರೆ ಇನ್ನೊಂದು ಪಕ್ಕ. ನಾರ್ವೆಯಲ್ಲಿ ಸೈಡ್‌ಕಾರ್ ಬಲಕ್ಕಿರತ್ತೆ. ಆಕ್ಸಿಲರೇಟರ್ ಕೊಟ್ಟರೆ ಬೈಕ್ ಮುಂದೆ ಹೋಗೋಕೆ ನೋಡತ್ತೆ, ಹೊರೆ ಹಿಂದೆ ಉಳಿಯತ್ತೆ, ಮೂತಿ ಬಲಕ್ಕೆ ಹೊರಳತ್ತೆ. ಮುಂದಿನ ಬ್ರೇಕ್ ಒಂದನ್ನೇ ಹಿಡಿದರೆ ಬೈಕ್ ನಿಲ್ಲತ್ತೆ, ಹೊರೆ ಮುಂದೆ ನುಗ್ಗತ್ತೆ, ಮೂತಿ ಎಡಕ್ಕೆ. ಇದನ್ನ ಸ್ವಲ್ಪ ಸರಿದೂಗಿಸೋಕೆ ಸೈಡ್‌ಕಾರಿನ ಚಕ್ರವನ್ನ ಒಂದೆರಡು ಸೆಂಟಿಮೀಟರ್ ಒಳಮುಖ ಮಾಡಿ ಕೂರಿಸ್ತಾರೆ, ಬೈಕನ್ನ ತುಸು ಆಚೆಗೆ ಬಾಗಿಸಿ ಕಟ್ತಾರೆ. ಎಷ್ಟು ಕಟ್ಟಿದರೂ ಪೂರ್ತಿ ಹೋಗಲ್ಲ. ಮಂಜಿನ ಮೇಲೆ ಮಾತ್ರ ಇದೇ ದೋಷ ಗುಣ ಆಗತ್ತೆ. ಹ್ಯಾಂಡಲ್ ಮಾತು ಕೇಳದೇ ಇದ್ದಾಗ ಆಕ್ಸಿಲರೇಟರ್‌ನಿಂದಲೇ ಬಲಕ್ಕೆ ತಿರುಗಿಸಬಹುದು.

— ಬಲಕ್ಕೆ ತಿರುಗುವಾಗ ಸೈಡ್‌ಕಾರ್ ಮೇಲೇಳಲ್ವಾ?

— ಖಾಲಿ ಇದ್ದರೆ ಏಳತ್ತೆ, ಏನೂ ಸಂಶಯ ಬೇಡ. ಅದಕ್ಕೇ ಎಲ್ಲರೂ ಮರಳು ಮೂಟೆ ಹಾಕ್ಕೊಂಡು ಓಡಾಡ್ತಾರೆ. ನಂಗೆ ಮರಳು ಬೇಕಿಲ್ಲ. ನನ್ನ ಕೆಲಸದ ಸಾಮಾನೇ ತೂಕದ ಕಲ್ಲು. ಇಪ್ಪತ್ತು ಕಿಲೋದ ಎರಕದ ಕಬ್ಬಿಣದ ಗಟ್ಟಿ, ಐದು. ಸೈಡ್‌ಕಾರ್ ತಳದಲ್ಲಿ ಜೋಡಿಸಿ ಬೆಲ್ಟ್ ಬಿಗಿದರೆ ಅಲ್ಲಾಡಲ್ಲ. ಮೇಲೆ ಸಲಿಕೆ, ಹಗ್ಗ, ಮಲಗೋ ಚೀಲ, ಫ್ಲಾಸ್ಕು, ಅಳತೆ ಯಂತ್ರದ ಪೆಟ್ಟಿಗೆ. ವಿಮಾನದಲ್ಲಿ ಇದನ್ನೆಲ್ಲ ಒಯ್ಯೋಕಾಗಲ್ಲ. ಅಲ್ಲಿ ಊರೂರಿಗೂ ವಿಮಾನ ಇದೆ, ವಿಡೆರೋ ಕಂಪನಿಯದು. ಎಂಟುನೂರು ಮೀಟರ್ ರನ್‌ವೇ ಮೇಲೆ ಬಸ್ಸು ನಿಲ್ಲಿಸಿದ ಹಾಗೆ ಇಳಿಸ್ತಾರೆ, ಹತ್ತಿಸಿಕೊಳ್ತಾರೆ. ಡಾಕ್ಟರು, ಮೇಷ್ಟ್ರು ಎಲ್ಲ ಅದರಲ್ಲೇ ಓಡಾಡೋದು. ಬ್ಯಾಗಿನಲ್ಲಿ ನೂರು ಕಿಲೋ ಕಬ್ಬಿಣ ಇದ್ದರೆ ಮಾತ್ರ ರಸ್ತೆಯೇ ಗತಿ.

— ಒಂದು ಅರ್ಥ ಆಗಲಿಲ್ಲ. ತಕ್ಕಡಿ ಫ್ಯಾಕ್ಟರಿಯಲ್ಲೇ ಸೆಟ್ ಮಾಡಿ ಕಳಿಸಿದರೆ ಮುಗೀತಲ್ಲ, ನೀನು ಅಷ್ಟು ದೂರ ಯಾಕೆ ಹೊರಬೇಕು?

— ತಕ್ಕಡಿ ತೂಗೋದು ಮೀನನ್ನಲ್ಲ ಮಾರಾಯ, ಭೂಮಿ ಮೀನನ್ನ ಎಳೆಯೋ ಬಲವನ್ನ. ಭೂಮಿ ಧ್ರುವದ ಕಡೆ ಚಪ್ಪಟೆ, ಅಲ್ಲಿ ನಿಂತವನು ಕೇಂದ್ರಕ್ಕೆ ಹತ್ತಿರ. ಸುತ್ತೋ ವೇಗವೂ ಅಲ್ಲಿ ಕಡಿಮೆ, ಹೊರಕ್ಕೆ ತಳ್ಳೋದೂ ಕಡಿಮೆ. ಹಾಗಾಗಿ ಸೆಳೆತ ಜಾಸ್ತಿ. ನಮ್ಮ ಮೈಸೂರಿನಲ್ಲಿ ಸರಿಮಾಡಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನ ಹಾಗೇ ಉತ್ತರ ನಾರ್ವೆಯ ಹಾಮರ್‌ಫೆಸ್ಟ್‌ಗೆ ಒಯ್ದು ನೂರು ಕಿಲೋ ಮೀನು ಇಟ್ಟರೆ ನೂರರ ಮೇಲೆ ಹೆಚ್ಚುಕಡಿಮೆ ಅರ್ಧ ಕಿಲೋ ತೋರಿಸತ್ತೆ. ದಿನಕ್ಕೆ ಟನ್ನುಗಟ್ಟಲೆ ಇಳಿಸೋ ಕಟ್ಟೆಯಲ್ಲಿ ಅದು ದುಡ್ಡು. ದೋಣಿಯವನಿಗೆ ಕೊಡೋ ಬೆಲೆ ಆ ತೂಕದ ಮೇಲೆ, ಸರ್ಕಾರ ಕೊಟ್ಟಿರೋ ಮೀನಿನ ಕೋಟಾ ಲೆಕ್ಕವೂ ಅದರ ಮೇಲೇ. ಅದಕ್ಕೆ ತಕ್ಕಡಿ ಎಲ್ಲಿ ಇರತ್ತೋ ಅಲ್ಲೇ, ಕಲ್ಲು ಇಟ್ಟು ನೋಡಬೇಕು.

— ಅಂಗಡಿ ಶೆಟ್ಟರ ಹಳೇ ತಕ್ಕಡಿ?

— ಅದಕ್ಕೆ ಈ ತೊಂದರೆ ಇಲ್ಲ. ಎರಡು ತಟ್ಟೆಗೂ ಒಂದೇ ಸೆಳೆತ. ಮೋಸ ಮಾಡೋದಾದರೆ ಶೆಟ್ಟರೇ ಮಾಡಬೇಕು, ಭೂಮಿ ಮಾಡಲ್ಲ.

— ಸರಿ, ಕಲ್ಲು ಹಾಕ್ಕೊಂಡು ನೀನು ಹೊರಟೆ. ದಾರಿ ಹೇಳು.

— ಟ್ರೊಮ್ಸೊದಿಂದ ಆಲ್ಟಾಗೆ ಎರಡು ಕಡೆ ದೋಣಿ ಹತ್ತಬೇಕು, ಇಲ್ಲದಿದ್ದರೆ ಫ್ಯೋರ್ಡ್‌ಗಳನ್ನೆಲ್ಲ, ಅಂದರೆ ನೆಲದೊಳಕ್ಕೆ ನುಗ್ಗಿರೋ ಸಮುದ್ರದ ಚಾಚುಗಳನ್ನ, ಸುತ್ತಿಕೊಂಡು ಹೋಗಬೇಕು. ದೋಣಿಯಲ್ಲಿ ಬೈಕಿನವರು ಪಟ್ಟಿ ಹುಡುಕಿ ಗಾಡಿ ಕಟ್ಟೋದರಲ್ಲೇ ಇರ್ತಾರೆ. ನಾನು ಗೇರಿಗೆ ಹಾಕಿ ಮೇಲೆ ಹೋಗಿ ಕಾಫಿ ಕುಡೀತೀನಿ. ಆಲ್ಟಾದಿಂದ ಇ6 ರಸ್ತೆ ಸೆನ್ನಲಾಂಡೆ ಅನ್ನೋ ಬಯಲು ದಾಟತ್ತೆ. ಮರ ಇಲ್ಲ, ಮನೆ ಇಲ್ಲ. ರಸ್ತೆಯ ಎರಡೂ ಅಂಚಿಗೆ ಎತ್ತರದ ಕೋಲು ನೆಟ್ಟಿರ್ತಾರೆ, ಹಿಮ ಎಲ್ಲ ಒಂದೇ ಬಿಳಿ ಆದಾಗ ರಸ್ತೆ ಎಲ್ಲಿದೆ ಅಂತ ಹೇಳೋದು ಆ ಕೋಲು ಮಾತ್ರ. ಗಾಳಿ ಎದ್ದರೆ ಗೇಟು ಹಾಕ್ತಾರೆ. ಆಮೇಲೆ ಸಾಲು. ಮುಂದೆ ಹಿಮ ತಳ್ಳೋ ಲಾರಿ, ಅದರ ಹಿಂದೆ ನಾವೆಲ್ಲ, ಮುಂದಿನ ಗಾಡಿಯ ಕೆಂಪು ದೀಪ ಕಣ್ಣಿಂದ ತಪ್ಪದ ಹಾಗೆ.

— ಅದರಲ್ಲಿ ನೀನೂ ನಿನ್ನ ಉರಾಲೂ!

— ಇಲ್ಲ. ಸಾಲಿನ ಮುಖ್ಯಸ್ಥನಿಗೆ ಯಾವ ಗಾಡಿ ಬೇಡ ಅಂತ ಹೇಳೋ ಅಧಿಕಾರ ಇದೆ. ಬೇಡ ಅಂದ, ನಾನು ವಾಪಸ್ ಬಂದೆ. ಅವನು ಹೇಳಿದ್ದೇ ಸರಿ. ಆ ಗಾಳಿಯಲ್ಲಿ ನಾನು ನಿಂತರೆ ನನ್ನ ಹಿಂದಿನ ಹತ್ತು ಕಾರೂ ನಿಲ್ಲತ್ತೆ. ನಿಜ ಹೇಳ್ತೀನಿ, ಡಿಸೆಂಬರ್ ಜನವರಿಯ ದೂರದ ಕೆಲಸಕ್ಕೆ ಕಂಪನಿಯ ವ್ಯಾನೇ. ಆಗ ಉರಾಲ್ ಊರೊಳಗಿನ ಕೆಲಸಕ್ಕೆ, ಅಂಗಡಿಗೆ, ಮಗಳನ್ನ ಸ್ಕೀ ಕ್ಲಾಸಿಗೆ ಬಿಡೋಕೆ. ಮಾರ್ಚ್ ಕೊನೆಯಿಂದ ಮಾತ್ರ ದೂರ ಹೋಗ್ತೀನಿ. ಹಿಮ ಇನ್ನೂ ಇರತ್ತೆ, ಬೆಳಕೂ ಬಂದಿರತ್ತೆ.

— ಥೂ. ನಾನು ಸಾಹಸದ ಕಥೆ ಕೇಳೋಣ ಅಂತ ಕೂತರೆ ನೀನು ವ್ಯಾನ್ ಕಥೆ ಹೇಳ್ತೀಯ.

— ಸಾಹಸ ಮಾಡೋರು ದಕ್ಷಿಣದಿಂದ ಬರ್ತಾರೆ. ಜರ್ಮನ್ನರಿಗೆ ಅದೊಂದು ಹಬ್ಬವೇ ಇದೆ. ಎಲೆಫಾಂಟೆನ್‌ಟ್ರೆಫೆನ್ ಅಂತ, 1956ರಿಂದ ಚಳಿಗಾಲದಲ್ಲಿ ಸೈಡ್‌ಕಾರಿನವರೆಲ್ಲ ಸೇರಿ ಹಿಮದ ಮೇಲೆ ಗುಡಾರ ಹಾಕ್ತಾರೆ. ಈಗ ಬವೇರಿಯಾದ ಕಾಡಿನಲ್ಲಿ ನಡೆಯತ್ತೆ. ಆ ಪೈಕಿ ಕೆಲವರು ಹಾಗೇ ನಾರ್ಡ್‌ಕಾಪ್‌ವರೆಗೂ ಬರ್ತಾರೆ, ಯೂರೋಪಿನ ತುದಿ ಮುಟ್ಟೋಕೆ. ಚಳಿಗಾಲದಲ್ಲಿ ಕೊನೆಯ 13 ಕಿಲೋಮೀಟರ್ ಲಾರಿ ಹಿಂದಿನ ಸಾಲಿನಲ್ಲೇ ಹೋಗಬೇಕು. ಹೋಗಿ 307 ಮೀಟರ್ ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ತಾರೆ. ಪಕ್ಕದ ಇನ್ನೊಂದು ಚಾಚು ಅದಕ್ಕಿಂತ ಉತ್ತರಕ್ಕಿದೆ, ನಡೆದು ಹೋಗಬೇಕು ಅಂತ ಯಾರೂ ಹೋಗಲ್ಲ.

— ಚಳಿ ಹೇಗೆ ತಡೀತೀಯ? ಅದಾದರೂ ಹೇಳು.

— ಲೆಕ್ಕ ಹಾಕಿ. ಮೈನಸ್ ಇಪ್ಪತ್ತರಲ್ಲಿ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋದರೆ ಬರಿಮೈಗೆ ಮೈನಸ್ ಮೂವತ್ತಾರು ಅನ್ನಿಸತ್ತೆ. ಅದಕ್ಕೆ ಬರಿಮೈ ಎಲ್ಲೂ ಇರಬಾರದು. ಕೆಟ್ಟ ಹವೆ ಅಂತ ಇಲ್ಲ, ಕೆಟ್ಟ ಬಟ್ಟೆ ಮಾತ್ರ ಇರೋದು ಅಂತ ಅಲ್ಲಿ ಗಾದೆ. ಬಟ್ಟೆ ಅಂಗಡಿಯವನು ಕಟ್ಟಿದ್ದಿರಬೇಕು. ಒಳಗೆ ಉಣ್ಣೆ, ಅದರ ಮೇಲೆ ಉಣ್ಣೆ, ಹೊರಗೆ ಗಾಳಿ ನುಗ್ಗದ ಹೊದಿಕೆ. ಹ್ಯಾಂಡಲಿಗೆ ಎರಡು ದೊಡ್ಡ ಚೀಲ ಕಟ್ಟಿ ಅದರೊಳಗೆ ಕೈ ತೂರಿಸೋದು, ನೋಡೋಕೆ ಅಸಹ್ಯ, ಕೆಲಸಕ್ಕೆ ಅದ್ಭುತ. ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಉಸಿರೇ. ಹೆಲ್ಮೆಟ್ ಗಾಜಿನ ಒಳಗೆ ತಗುಲಿ ಹೆಪ್ಪಾಗತ್ತೆ. ಸ್ನೋಮೊಬೈಲ್‌ನವರು ಹಾಕೋ, ಕರೆಂಟಿನಿಂದ ಬಿಸಿಯಾಗೋ ಎರಡು ಪದರದ ಗಾಜು ಹಾಕ್ಕೊಂಡ ಮೇಲೆ ಬದುಕಿಕೊಂಡೆ.

— ಗಾಡಿ ಸ್ಟಾರ್ಟ್ ಆಗೋದು? ಇಲ್ಲಿ ಊಟಿಗೆ ಹೋಗಿ ರಾತ್ರಿ ನಿಲ್ಲಿಸಿದರೇ ಬೆಳಿಗ್ಗೆ ಕಿಕ್ ಹೊಡೆದು ಕಾಲು ಹೋಗತ್ತೆ.

— ಬ್ಯಾಟರಿ ಬಿಚ್ಚಿ ಮನೆಯೊಳಗೆ. ಮೈನಸ್ ಇಪ್ಪತ್ತರಲ್ಲಿ ಅದರ ಶಕ್ತಿ ಅರ್ಧಕ್ಕೆ ಬಂದಿರತ್ತೆ, ಆಯಿಲ್ ಬೇರೆ ಬೆಲ್ಲದ ಪಾಕ ಆಗಿರತ್ತೆ. ಎಂಜಿನ್ ತಳಕ್ಕೆ ಒಂದು ಬಿಸಿ ಪಟ್ಟಿ ಅಂಟಿಸಿ, ಕರೆಂಟು ಕೊಟ್ಟು, ಹೊರಡೋಕೆ ಎರಡು ಗಂಟೆ ಮುಂಚೆ ಟೈಮರ್ ಇಡೋದು. ಫಿನ್ಲೆಂಡ್, ಸ್ವೀಡನ್ ಕಡೆ ಕಾರು ನಿಲ್ಲಿಸೋ ಜಾಗದಲ್ಲೇ ಸಾಲಾಗಿ ಕಂಬ, ಕಂಬಕ್ಕೆ ಪ್ಲಗ್ಗು. ಆಫೀಸಿಗೆ ಬಂದವರು ಎಮ್ಮೆ ಕಟ್ಟಿದ ಹಾಗೆ ಕಾರು ಕಟ್ಟಿ ಹೋಗ್ತಾರೆ. ಕಾರ್ಬ್ಯುರೇಟರ್ ಹೆಪ್ಪುಗಟ್ಟೋದೂ ಇದೆ. ಅದು ಕಡು ಚಳಿಯಲ್ಲಲ್ಲ. ಸೊನ್ನೆಗಿಂತ ತುಸು ಮೇಲೆ, ಗಾಳಿಯಲ್ಲಿ ತೇವ ಇದ್ದಾಗ. ಪೆಟ್ರೋಲ್ ಆವಿಯಾಗ್ತಾ ಶಾಖ ಹೀರತ್ತೆ, ಆ ತೇವ ಒಳಗೇ ಗಡ್ಡೆ ಕಟ್ಟತ್ತೆ. ಹತ್ತು ನಿಮಿಷ ನಿಲ್ಲಿಸಿ ಎಂಜಿನ್ನಿನ ಶಾಖ ಮೇಲೇರಕ್ಕೆ ಬಿಟ್ಟರೆ ತಾನಾಗಿ ಸರಿಹೋಗತ್ತೆ. ಗೊತ್ತಿಲ್ಲದವರು ಕಾರ್ಬ್ಯುರೇಟರ್ ಬಿಚ್ಚಿ ಕೂರ್ತಾರೆ.

— ಅಳತೆ ಯಂತ್ರಕ್ಕೆ ಏನೂ ಆಗಲ್ವಾ?

— ಆಗೋದು ಚಳಿಯಲ್ಲಲ್ಲ, ಒಳಗೆ ಬಂದಾಗ. ತಣ್ಣಗಿರೋ ಪೆಟ್ಟಿಗೇನ ಬಿಸಿ ಕೋಣೆಯಲ್ಲಿ ತಕ್ಷಣ ತೆಗೆದರೆ ಸರ್ಕ್ಯೂಟಿನ ಮೇಲೆಲ್ಲ ನೀರು ಬೆವರತ್ತೆ. ಮುಚ್ಚಿದ ಪೆಟ್ಟಿಗೆಯಲ್ಲೇ ಗಂಟೆಗಟ್ಟಲೆ ಇಟ್ಟು ಬೆಚ್ಚಗಾಗೋಕೆ ಬಿಡಬೇಕು. ಕಬ್ಬಿಣದ ಕಲ್ಲಿಗೂ ಅದೇ ನಿಯಮ. ಅಷ್ಟು ಹೊತ್ತು ಕ್ಯಾಂಟೀನಿನಲ್ಲಿ ಕೂತು ಕಾಫಿ ಕುಡಿಯೋದು, ಇದಕ್ಕೂ ಸಂಬಳ ಕೊಡ್ತಾರೆ.

— ಮೀನು ಕಟ್ಟೆ ಹೇಗಿರತ್ತೆ?

— ವಸಂತದಲ್ಲಿ ಕ್ಯಾಪಲಿನ್ ಅನ್ನೋ ಸಣ್ಣ ಮೀನು ಉತ್ತರದ ಫಿನ್ಮಾರ್ಕ್ ಜಿಲ್ಲೆಯ ತೀರಕ್ಕೆ ಬರತ್ತೆ, ಅದರ ಬೆನ್ನು ಹತ್ತಿ ಕಾಡ್ ಮೀನು. ಕಟ್ಟೆ ಹಗಲು ರಾತ್ರಿ ನಡೆಯತ್ತೆ. ಒಂದು ಮೂಲೆಯಲ್ಲಿ ಮಕ್ಕಳು. ಹೌದು, ಶಾಲೆ ಮಕ್ಕಳು. ಹಳದಿ ರಬ್ಬರ್ ಏಪ್ರನ್ ಮೊಣಕಾಲ ಕೆಳಗೆ ಇಳಿದಿರತ್ತೆ. ಕ್ರೇಟಿನಿಂದ ಕಾಡ್ ಮೀನಿನ ತಲೆ ಎತ್ತಿ, ನಿಲ್ಲಿಸಿರೋ ಮೊಳೆಗೆ ಗಲ್ಲದ ಕೆಳಗಿಂದ ಚುಚ್ಚಿ ಒತ್ತೋದು, ನಾಲಿಗೆ ಬಾಯಿಂದ ಹೊರಗೆ ಬರತ್ತೆ, ಚಾಕು ಒಂದು ಸಲ ಆಡಿಸೋದು, ನಾಲಿಗೆ ಬಕೆಟ್ಟಿಗೆ, ತಲೆ ಆಚೆಗೆ. ಒಂದು ತಲೆಗೆ ಎರಡು ಸೆಕೆಂಡ್ ಹಿಡಿಯಲ್ಲ. ಹುರಿದ ನಾಲಿಗೆ ಅಲ್ಲಿ ಬಲು ರುಚಿಯ ತಿಂಡಿ, ಕಿಲೋ ಲೆಕ್ಕದಲ್ಲಿ ದುಡ್ಡು ಮಕ್ಕಳಿಗೇ. ತಲೆತಲಾಂತರದಿಂದ ಅದು ಮಕ್ಕಳ ಹಕ್ಕು. ನನ್ನ ತಕ್ಕಡಿಗಳಿಗೆ ಅತಿ ಜೋರು ಗಿರಾಕಿಗಳು ಅವರು. ಹತ್ತು ಗ್ರಾಂ ಕಡಿಮೆ ತೋರಿಸಿದರೂ ನನ್ನ ಮುಖ ನೋಡ್ತಾರೆ.

— ನಮ್ಮವರು ಯಾರಾದರೂ ಸಿಗ್ತಾರಾ?

— ಕನ್ನಡದವರು ಆ ಕಟ್ಟೆಗಳಲ್ಲಿ ನಂಗೆ ಸಿಕ್ಕಿಲ್ಲ. ಶ್ರೀಲಂಕಾ ತಮಿಳರು ಇದ್ದಾರೆ. ಎಂಬತ್ತರ ದಶಕದಲ್ಲಿ ಯುದ್ಧ ತಪ್ಪಿಸಿಕೊಂಡು ಬಂದು ಈ ಹಳ್ಳಿಗಳ ಮೀನು ಕೆಲಸ ಹಿಡಿದವರು. ಊರಿನ ಜನ ದಕ್ಷಿಣಕ್ಕೆ ಹೋಗ್ತಾ ಇದ್ದಾಗ ಕಟ್ಟೆ ನಡೆಸಿದ್ದು ಇವರ ಕೈ. ಯಶವಂತಪುರದ ಮಾರ್ಕೆಟ್ಟಿನಲ್ಲಿ ಕಲಿತ ನನ್ನ ತಮಿಳು ಕೇಳಿ ನಗ್ತಾರೆ, ಆದರೂ ಕರಿಬೇವು ಕೊಡ್ತಾರೆ. ಫ್ರೀಜರ್‌ದು. ಅದನ್ನ ಉರಾಲಿನಲ್ಲಿ ತಂದರೆ ಕರಗೋದೇ ಇಲ್ಲ.

— ದೋಸೆ ಹಿಟ್ಟು ಹುದುಗತ್ತಾ ಅಲ್ಲಿ?

— ಬಚ್ಚಲಿನಲ್ಲಿ. ನಗಬೇಡ. ನಾರ್ವೆಯ ಮನೆಗಳಲ್ಲಿ ಬಚ್ಚಲ ನೆಲದ ಕೆಳಗೆ ಬಿಸಿ ತಂತಿ ಹಾಕಿರ್ತಾರೆ. ರಾತ್ರಿ ಪಾತ್ರೆ ಅಲ್ಲಿಟ್ಟರೆ ಬೆಳಿಗ್ಗೆ ಉಕ್ಕಿರತ್ತೆ. ಹೊರಗೆ ಬಿರುಗಾಳಿ, ಒಳಗೆ ಮೈಸೂರು ಮಾರ್ಚ್. ಬಂದ ನೆಂಟರಿಗೆ ಮೊದಲೇ ಹೇಳಿಡಬೇಕು, ಅಷ್ಟೆ.

— ಕತ್ತಲೆ? ಎರಡು ತಿಂಗಳು ಸೂರ್ಯ ಇಲ್ಲವಂತೆ, ಹುಚ್ಚು ಹಿಡಿಯಲ್ವಾ?

— ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಏಳಲ್ಲ. ಪೂರ್ತಿ ಕಗ್ಗತ್ತಲೆ ಅಲ್ಲ, ಮಧ್ಯಾಹ್ನ ಎರಡು ಮೂರು ಗಂಟೆ ನೀಲಿ ಬೆಳಕು ಇರತ್ತೆ. ಸುತ್ತ ಬೆಟ್ಟ ಇರೋದರಿಂದ ಊರಿಗೆ ಬಿಸಿಲು ಬೀಳೋದು ಜನವರಿ 21ರ ಸುಮಾರಿಗೆ. ಅವತ್ತು ಎಲ್ಲರೂ ಜಾಮ್ ತುಂಬಿದ ಬನ್ ತಿಂತಾರೆ, ಸೂರ್ಯನ ಬನ್ ಅಂತಲೇ ಹೆಸರು. ಮೋಡ ಇದ್ದರೂ ತಿಂತಾರೆ. ನಂಗೆ ಕಷ್ಟ ಆಗೋದು ಕತ್ತಲೆಯಲ್ಲಲ್ಲ, ಜೂನ್‌ನಲ್ಲಿ. ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯವನು ಹುಲ್ಲು ಕತ್ತರಿಸ್ತಾನೆ.

— ಆಕಾಶದಲ್ಲಿ ಹಸಿರು ಬೆಳಕು?

— ಗಾಡಿ ಓಡಿಸುವಾಗ ನೋಡೋದು ರಸ್ತೆ. ಹಿಮಸಾರಂಗ ರಸ್ತೆ ಮಧ್ಯೆ ನಿಂತಿರತ್ತೆ, ಹಾರ್ನ್‌ಗೆ ಜಗ್ಗಲ್ಲ. ರಸ್ತೆಗೆ ಹಾಕಿದ ಉಪ್ಪು ನೆಕ್ಕೋಕೆ ಬರತ್ತೆ ಅಂತಾರೆ, ಉಪ್ಪಿಲ್ಲದ ಕಡೆಯೂ ನಿಂತಿರತ್ತೆ. ಫಿನ್ಲೆಂಡ್‌ನಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಹಿಮಸಾರಂಗ ಗಾಡಿಗೆ ಸಿಕ್ಕಿ ಸಾಯ್ತವೆ. 2014ರಲ್ಲಿ ಕೊಂಬಿಗೆ ಹೊಳೆಯೋ ಬಣ್ಣ ಬಳಿದೂ ನೋಡಿದರು. ಒಂದನ್ನ ಕಂಡರೆ ನಿಲ್ಲು, ಹಿಂದೆ ಇನ್ನೂ ಐದು ಇರತ್ತೆ. ಹಾಮರ್‌ಫೆಸ್ಟ್‌ನಲ್ಲಂತೂ ಪೇಟೆಗೇ ಬರ್ತಿದ್ದವು, ಊರಿಗೆ ಬೇಲಿ ಹಾಕಿದರು.

— ಕೊನೇದಾಗಿ ಒಂದು. ಕಾರು ಇದೆ, ವ್ಯಾನ್ ಇದೆ, ಬಸ್ಸಿದೆ, ವಿಮಾನ ಇದೆ. ಸೈಡ್‌ಕಾರ್ ಯಾಕೆ?

— ಬೇಕಾಗಿಲ್ಲ. ಯಾರಿಗೂ ಬೇಕಾಗಿಲ್ಲ ಅಲ್ಲಿ. ಪೆಟ್ರೋಲ್ ಕಾರಿಗಿಂತ ಜಾಸ್ತಿ ಕುಡಿಯತ್ತೆ, ವೇಗ ಇಲ್ಲ, ಬೆಚ್ಚಗೂ ಇಲ್ಲ. ಆದರೆ ಕಾರಿನಲ್ಲಿ ಹೋದಾಗ ಪೆಟ್ರೋಲ್ ಬಂಕಿನಲ್ಲಿ ಯಾರೂ ಮಾತಾಡಿಸಲ್ಲ. ಆ ಜನ ಮೊದಲೇ ಮಿತಭಾಷಿಗಳು, ಚಳಿಗಾಲದಲ್ಲಿ ಇನ್ನೂ ಮಿತ. ಉರಾಲ್ ನಿಲ್ಲಿಸಿದರೆ ಒಬ್ಬ ಬಂದು ಟೈರ್ ನೋಡ್ತಾನೆ, ಇನ್ನೊಬ್ಬ ತನ್ನಜ್ಜನ ಹತ್ತಿರ ಇತ್ತು ಅಂತಾನೆ, ಮೂರನೆಯವನು ಮುಂದಿನ ಬಯಲಲ್ಲಿ ಗಾಳಿ ಎದ್ದಿದೆ, ಈಗ ಹೋಗಬೇಡ ಅಂತಾನೆ. ಆ ಮೂರನೆಯವನಿಗಾಗಿ ನಾನು ಅದನ್ನ ಇಟ್ಟುಕೊಂಡಿದೀನಿ. ಫೋನಿನಲ್ಲಿ ಬರೋ ಹವಾ ವರದಿಗಿಂತ ಅವನ ಮಾತು ಸರಿಯಾಗಿರತ್ತೆ.

— ನಾನು ಈ ಜಾವಾಗೆ ಒಂದು ಕಟ್ಟಿದರೆ?

— ಕಟ್ಟು. ಇಲ್ಲಿ ಎಡಕ್ಕೆ ಕಟ್ಟಬೇಕು, ನಾನು ಹೇಳಿದ್ದೆಲ್ಲ ತಿರುಗಾಮುರುಗಾ. ಎಡ ತಿರುವಿನಲ್ಲಿ ಮೇಲೇಳತ್ತೆ. ಖಾಲಿ ಓಡಿಸಬೇಡ, ನಲವತ್ತು ಕಿಲೋ ಮರಳು ಹಾಕು. ದಸರಾ ಮುಗಿದ ಮೇಲೆ ವಸ್ತುಪ್ರದರ್ಶನದ ಮೈದಾನ ಖಾಲಿ ಇರತ್ತೆ, ಅಲ್ಲಿ ಒಂದು ವಾರ ಎಂಟು ಅಂಕಿ ಹೊಡಿ, ಆಮೇಲೆ ರಸ್ತೆ. ಎಲ್ಲಕ್ಕಿಂತ ಮೊದಲು ಆರ್‌ಟಿಒಗೆ ಹೋಗಿ ಅನುಮತಿ ತಗೊಂಡು ಆರ್‌ಸಿಯಲ್ಲಿ ಬರೆಸು. ಬರೆಸದೆ ಕಟ್ಟಿದರೆ ಅದು ಕಾನೂನು ಪ್ರಕಾರ ತಪ್ಪು, ಏನಾದರೂ ಆದರೆ ವಿಮೆಯವನು ಪೈಸೆ ಕೊಡಲ್ಲ.